ಬಾಬಾಸಾಹೇಬರ ಮೌನ

ಬಾಬಾಸಾಹೇಬರು ಚತುರ್ದಶಿಗೊಮ್ಮೆ ಮೌನವ್ರತ ಹಿಡಿಯುತ್ತಿದ್ದರು. ಅಂದು ಲೇಖನಿಯನ್ನೂ ಮುಟ್ಟುತ್ತಿರಲಿಲ್ಲ. ವ್ರತ ಪುಣ್ಯದ ಕೆಲಸವೇ. ಆದರೆ ಮಾತು ಮಾರಿ ಬದುಕುವವರು ಅದನ್ನು ಕಚೇರಿಯಲ್ಲಿ ಕೂತು ನಡೆಸಿದರೆ, ಕಷ್ಟವೆಲ್ಲ ಕೈಕೆಳಗಿನವನ ತಲೆಗೆ.

ಆ ತಲೆ ಜಿನಪಾಲನದು. ಇಚಲಕರಂಜಿಯ ಮಗ್ಗದ ಮಾಲಕರಿಗೆ ಸಲಹೆ ಕೊಡುವ ಬಾಬಾಸಾಹೇಬರ ಕಚೇರಿಯನ್ನು ಅವನು ಎರಡನೆಯ ಮಹಾಯುದ್ಧ ಸುರುವಾದ ವರ್ಷ ಸೇರಿದ್ದ. ಯುದ್ಧ ಮುಗಿದರೂ ಕಾಯಂ ಆಗಿರಲಿಲ್ಲ. "ಕಾರ್ಖಾನಿ ದಾದಾಸಾಹೇಬ್ರು ನಮ್ಮ ಗಿರಾಕಿ ಆದ ದಿನ ನಿನ್ನ ಕಾಯಂ ಮಾಡ್ತೀನಿ" ಎಂದು ಬಾಬಾಸಾಹೇಬರು ಮಾತು ಕೊಟ್ಟಿದ್ದರು. ನಾಂದಣಿ ಊರಲ್ಲಿ ಅವನಿಗೆ ಹೆಣ್ಣು ಕೊಡುವವರೂ ಆ ದಿನಕ್ಕೇ ಕಾದಿದ್ದರು.

ದಾದಾಸಾಹೇಬರು ಬಂದದ್ದು ಚತುರ್ದಶಿಯ ದಿನ.

"ಸಾಹೇಬ್ರಿಗೆ ಇವತ್ತ ಮೌನ ಐತ್ರಿ. ಅವರ ಕೈಸನ್ನಿ ನಾ ತಿಳಿಸಿ ಹೇಳ್ತೀನಿ" ಎಂದು ಜಿನಪಾಲ ಖುರ್ಚಿ ಹಾಕಿದ.

"ಮಗ್ಗದಾಗ ನೂಲು ಹರದು ತುಂಡಾಗೂದು ನಿಲ್ಲವಲ್ತು. ಏನ್ ಮಾಡ್ಲಿ, ಕೇಳು."

ಬಾಬಾಸಾಹೇಬರು ಬಾಗಿಲ ಕಡೆ ಕೈ ಬೀಸಿದರು.

"ಬಾಗಿಲಾ ತೆರೀಬೇಕಂತ್ರಿ. ಗಾಳಿ ಆಡ್ಬೇಕಂತ."

"ತೆರದಽ ಇಟ್ಟೇನಲ್ಲೋ ತಮ್ಮಾ!"

ಬಾಬಾಸಾಹೇಬರು ಜಿನಪಾಲನನ್ನು ದುರುಗುಟ್ಟಿ ನೋಡಿ, ತಮ್ಮ ತಲೆ ಮುಟ್ಟಿ, ಬರಿಗೈ ತಿರುವಿದರು. ನೆರೆಮನೆಯ ಚಂಪಾಬಾಯಿ ಕಿಟಕಿಯಲ್ಲಿ ಮುಖವಿಟ್ಟು, "ತೆಲಿ ನೋಯಾಕತ್ತೈತಿ ಅವ್ರಿಗೆ. ಒಣಶುಂಠಿ ತೇಯ್ದು ತರ್ಲೇನ?" ಎಂದಳು.

"ನೀವು ಸುಮ್ನಿರ್ರಿ ಮಾವಶಿ!" ಜಿನಪಾಲ ಬೆವರಿದ. "ಮಗ್ಗ ನೋಡ್ಕೊಳ್ಳೋ ಮುಕಾದಮಗ ಬುದ್ಧಿ ಇಲ್ಲಂತ್ರಿ."

ದಾದಾಸಾಹೇಬರ ಮುಖ ಕಾದ ಹಂಚಿನಂತಾಯಿತು. "ಮುಕಾದಮ ಅಂದ್ರ ಬಾಹುಬಲಿ. ನನ್ನ ಹೆಂಡ್ತಿ ತಮ್ಮ!"

ಬಾಬಾಸಾಹೇಬರು ಧಡಕ್ಕನೆ ಎದ್ದು ಜಿನಪಾಲನಿಗೆ ಎರಡೂ ಕೈ ಜೋಡಿಸಿದರು.

ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ. "ಅವಗ ಕೈ ಮುಗದು ಮನಿಗೆ ಕಳಸ್ರಿ ಅಂತಾರ್ರಿ" ಎಂದು ಜಿನಪಾಲ ಕಣ್ಣು ಮುಚ್ಚಿದ.

ದಾದಾಸಾಹೇಬರು ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. "ನನಗೂ ಗೊತ್ತಿತ್ರೀ. ಹೇಳೋ ಧೈರ್ಯ ಒಬ್ಬರಿಗೂ ಇರ್ಲಿಲ್ಲ. ಇವತ್ತಿಂದ ನಾ ನಿಮ್ಮ ಗಿರಾಕಿ!"

ಅವರು ಹೋದದ್ದೇ ತಡ, ಜಿನಪಾಲ ಕಾಯಂ ಆದನೆಂದು ಚಂಪಾಬಾಯಿ ಓಣಿಗೆಲ್ಲ ಸಕ್ಕರೆ ಹಂಚಿದಳು.

ಇಳಿಹೊತ್ತಿಗೆ ದಾದಾಸಾಹೇಬರು ಓಡುತ್ತ ತಿರುಗಿ ಬಂದು, ಬಾಬಾಸಾಹೇಬರ ಕಿವಿಯಲ್ಲಿ ಏನೋ ಹೇಳಿ ಹೋದರು. ಸಂಜೆಯ ಪ್ರಾರ್ಥನೆ ಮುಗಿಸಿ ಬಾಬಾಸಾಹೇಬರು ಮೌನ ಬಿಟ್ಟರು.

"ನಾಳಿಗೆ ಬರಾಕ ಹೇಳೋ ಅಂತ ನಾ ಬಡಕೊಂಡ್ರ, ನೀ ಏನೇನ ಹೇಳ್ದಿ ಮಾರಾಯಾ! ಇರ್ಲಿ, ಗಿರಾಕಿ ಸಿಕ್ರು."

"ಹಂಗಾರ ನಾ ಕಾಯಂ ಏನ್ರಿ?"

ಬಾಬಾಸಾಹೇಬರು ನೆಲ ನೋಡಿದರು. "ಬಾಹುಬಲಿನ್ನ ಬಿಡಿಸಿದ್ದಕ್ಕ ದಾದಾಸಾಹೇಬ್ರ ಮನ್ಯಾಗ ಒಲಿ ಹತ್ತಿಲ್ಲಂತ. ಅವಗ ಇಲ್ಲಿ ನೌಕರಿ ಕೊಟ್ರಷ್ಟ ಅವ್ರು ನಮ್ಮ ಗಿರಾಕಿ. ನಮ್ಮಲ್ಲಿ ಇರೂದು ನಿನ್ನ ಜಾಗಾ ಒಂದಽ."

ಜಿನಪಾಲ ಟೋಪಿ ಕೈಗೆತ್ತಿಕೊಂಡ.

"ನಾಳೆ ಒಂದಿನ ಬಂದು ಅವಗ ಕೆಲಸ ಕಲಿಸಿ ಹೋಗಪಾ. ಪಾಪ, ಏನೂ ಬರೂದಿಲ್ಲ ಅವಗ."