ಬ್ಲೀಚಿಂಗ್ ಪುಡಿಗೆ ಕೊಸರು

ಅಳೆದು ಕೊಟ್ಟ ಮೇಲೆ ಕೊಸರು ಹಾಕದವನನ್ನು ನಮ್ಮ ಭೇರ್ಯದ ಕಡೆ ಮನುಷ್ಯರ ಸಾಲಿಗೇ ಸೇರಿಸುವುದಿಲ್ಲ. ರಾಗಿ ಅಳೆದರೆ ಮೇಲೊಂದು ಹಿಡಿ, ಹಾಲು ಅಳೆದರೆ ಮೇಲೊಂದು ಗುಟುಕು. ನಾನು ಜಿಪುಣ ಎಂದು ಹೆಂಡತಿ ಜಯಂತಿಯೇ ಊರಿಗೆಲ್ಲ ಸಾರಿರುವುದರಿಂದ, ಕೊಸರಿನ ವಿಷಯದಲ್ಲಿ ನಾನು ಬಹಳ ಎಚ್ಚರದಿಂದ ಇರುತ್ತೇನೆ.

ನಮ್ಮ ಹಿತ್ತಿಲಿನ ತೊಟ್ಟಿಯಲ್ಲಿರುವುದು ನಾಲೆಯ ನೀರು. ಕುಡಿಯುವುದಕ್ಕಲ್ಲ, ಬಟ್ಟೆ, ಕೊಟ್ಟಿಗೆ ತೊಳೆಯುವುದಕ್ಕೆ. ಅದು ನಾರುತ್ತಿದೆಯೆಂದು ಆಶಾ ಕಾರ್ಯಕರ್ತೆ ಮಂಜುಳಾ ಬ್ಲೀಚಿಂಗ್ ಪುಡಿ ತಂದುಕೊಟ್ಟು, ತೊಟ್ಟಿಯ ಉದ್ದಗಲ ನೋಡಿ, ಇಷ್ಟೇ ಚಮಚ ಎಂದು ಚೀಟಿ ಬರೆದಳು. ಮೂಗಿಗೆ ಬಟ್ಟೆ ಕಟ್ಟಬೇಕು, ಪ್ಲಾಸ್ಟಿಕ್ ಬಕೆಟ್ಟಿನ ನೀರಿಗೆ ಪುಡಿ ಹಾಕಿ ಕಲಸಿ ತಿಳಿಯನ್ನು ಮಾತ್ರ ತೊಟ್ಟಿಗೆ ಸುರಿಯಬೇಕು, ಅರ್ಧ ಗಂಟೆ ಯಾರೂ ನೀರು ಮುಟ್ಟಬಾರದು. ಬಚ್ಚಲು ತೊಳೆಯುವ ಆಸಿಡ್ಡನ್ನಂತೂ ಹತ್ತಿರವೂ ತರಬಾರದು, ವಿಷದ ಹೊಗೆ ಏಳುತ್ತದೆ. ಎಲ್ಲವನ್ನೂ ಪಾಲಿಸಿದೆ. ನಾನು ಮೂಗು, ದವಡೆಗೆಲ್ಲ ಟವೆಲ್ ಬಿಗಿದುಕೊಂಡ ರೀತಿಗೆ ಅವ್ವ, "ಅಲ್ಲು ನೋವೇನ್ಲಾ?" ಎಂದು ಕೇಳಿದರು.

ಅರ್ಧ ಗಂಟೆ ಗಡಿಯಾರ ನೋಡಿಕೊಂಡು ಕಾದ ಜಯಂತಿ, ಆ ನೀರಿನಲ್ಲಿ ತನ್ನ ನೀಲಿ ಸೀರೆ ನೆನೆಹಾಕಿದಳು. ಗೌರಿ ಹಬ್ಬಕ್ಕೆ ಅವಳಣ್ಣ ಕೊಟ್ಟದ್ದು. ಭಾನುವಾರ ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಅದೇ ಅಣ್ಣನ ಮನೆಯ ಗೃಹಪ್ರವೇಶಕ್ಕೆ ಉಡಬೇಕಾದದ್ದು. ಹಿಂಡಿ ಹರವಿದರೆ ಸೀಮೆಹಸುವಿನ ಮೈಯ ಹಾಗೆ ಅಲ್ಲಲ್ಲಿ ದೊಡ್ಡ ಬಿಳಿ ಮಚ್ಚೆ! ಅವಳು ನಿಜವಾಗಿಯೂ ಅತ್ತಳು. ತಕ್ಷಣ ಮಂಜುಳಾಗೆ ಫೋನ್ ಮಾಡಿ ರೇಗಾಡಿದೆ.

ಓಡಿ ಬಂದವಳು ಕೇಳಿದಳು, "ಎಷ್ಟ್ ಚಮಚ ಆಕುದ್ರಿ ಸಾರ್?"

"ನೀನು ಬರೆದಷ್ಟೇ ಕಣಮ್ಮ. ಮೇಲೆ ಹಾಕಿದ ಕೊಸರು ಬಿಟ್ಟು."

"ಅದ್ಕೂ ಕೊಸರಾ?"

ಅವ್ವ ಬಾಗಿಲಲ್ಲೇ ನಿಂತಿದ್ದರು. "ಇವ್ನ ಕೈ ಬಿಗಿ ಕಣವ್ವ. ಬಕೀಟು ತಿಳಿಯಾಗ್ಲಿ ಅಂತ ಇಟ್ಟಿದ್ನಲ್ಲ, ಆಗ ನಾನೂ ಒಂದ್ ತೆಂಗಿನ್ ಚಿಪ್ಪು ಪುಡಿ ಆಕ್ದೆ."

ಎಲ್ಲರೂ ಜಯಂತಿಯ ಕಡೆ ನೋಡಿದೆವು. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಅತ್ತೆ ಆಕಿದ್ದು ನಂಗೇನ್ ಗೊತ್ತು? ನಾನೂ ಒಂದ್ ಚಿಪ್ಪು..."

ಮಂಜುಳಾ ಹಣೆ ಚಚ್ಚಿಕೊಂಡಳು. "ಇದು ಔಸ್ದಿ ಕಣ್ರೀ, ಅವರೆಕಾಯಲ್ಲ!" ವಾಸನೆ ಇಳಿಯುವವರೆಗೆ ತೊಟ್ಟಿಯನ್ನು ಬಿಸಿಲಿಗೆ ತೆರೆದಿಟ್ಟು, ಆ ನೀರನ್ನು ಯಾರೂ ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡಿ ಹೋದಳು.

ಭಾನುವಾರ ಜಯಂತಿ ಹಟ ಹಿಡಿದು ಅದೇ ಸೀರೆ ಉಟ್ಟಳು. ಅಣ್ಣನ ಮನೆಯ ಅಂಗಳಕ್ಕೆ ಕಾಲಿಡುತ್ತಲೇ ಹೆಂಗಸರು ಮುತ್ತಿಕೊಂಡರು, "ಇದೇನವ್ವ ಸೀರೆ ಇಂಗಾಗದೆ?" ಅವಳು ನನ್ನ ಕಡೆ ಬೆರಳು ಮಾಡಿದಳು, "ಇವರು ಪುಡಿ ಅಳೆದ್ರು." ಎಲ್ಲರೂ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆ ಎರಡು ಚಿಪ್ಪಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ನಿಂತಿದ್ದದ್ದು ಅವಳ ತವರಿನಲ್ಲಿ, ಸಂಜೆ ಬಸ್ಸು ಹತ್ತಬೇಕಾದದ್ದು ಅವಳ ಜೊತೆಯಲ್ಲಿ. "ಹೌದು, ಸ್ವಲ್ಪ ಜಾಸ್ತಿಯಾಯಿತು" ಎಂದು ಒಪ್ಪಿಕೊಂಡೆ. ಜೀವಮಾನದಲ್ಲಿ ಮೊದಲ ಸಲ ಜನ ನನ್ನನ್ನು ಧಾರಾಳಿ ಎಂದರು.