ಕವರು ಸುತ್ತಿದ ಕೈ, ಅದ್ರೊಳಗಿನ ಎಸ್ರು

ನಂಬ್ತೀರೋ ಬುಡ್ತೀರೋ, ಇವತ್ತು ಬೆಳಿಗ್ಗೆ ನಮ್ಮನೆ ಜಗಲಿ ಮೇಲೆ ಒಂದ್ ಕೆಲ್ಸ ಆಗೋಯ್ತು ಕಣಿ. ಮೊದ್ಲಿಂದ ಯೋಳ್ಬುಡ್ತೀನಿ, ಇಲ್ದಿದ್ರೆ ನೀವೂ ನನ್ನ ಅನುಮಾನದಲ್ಲೇ ನೋಡ್ತೀರ. ಈ ಟ್ಯಾಟೂ ಆಕಿಸ್ಕಂಡಾಗಿಂದ ನನ್ನ ನೋಡಿ ಅನುಮಾನ ಪಡದೇ ಇರೋ ಒಂದ್ ನರಪಿಳ್ಳೇನೂ ಸಿಕ್ಕಿಲ್ಲ ನಂಗೆ.

ವಿಷ್ಯ ಇಷ್ಟೇ. ನಾನು ಪಾಂಡವಪುರದತ್ರ ಒಂದೂರಲ್ಲಿ, ಡೈರೀಲಿ ಆಲು ಅಳೆಯೋನು. ನಾಗಮಂಗಲದ ಕಡೆ ಒಂದ್ ಉಡ್ಗೀನ ನೋಡವ್ರೆ, ಎರಡ್ ಕಡೆನೂ ಒಪ್ಗೆ ಆಗೋಯ್ತು, ವೀಳ್ಯ ಬದ್ಲಾಯ್ಸೋದೊಂದು ಬಾಕಿ. ಅವ್ರ ಮನೇಲೊಂದು ಕಟ್ಟು ಅದೆ. ವೀಳ್ಯ ಆಗೋಗಂಟ ಗಂಡು ಎಣ್ಣು ಮಾತಾಡಂಗಿಲ್ಲ, ಫೋನೂ ಇಲ್ಲ. ಗಂಡು ಕದ್ದು ಫೋನ್ ಮಾಡ್ದ ಅಂತ ಅವ್ಳ ದೊಡ್ಡಪ್ಪನ ಮಗಳ ಸಂಬಂಧಾನೇ ಮುರಿದಾಕವ್ರಂತೆ ಅವ್ಳ ತಾತ. ನಾವಿಬ್ರೂ ದಿನಾ ಮಾತಾಡ್ತೀವಿ, ಅದ್ ಬೇರೆ.

ಅವ್ಳನ್ನ ಮನೇಲೆಲ್ಲ ಕರೆಯೋದು ಚಿಕ್ತಾಯಿ ಅಂತ. ನಮ್ಮವ್ವಂಗೆ ಗೊತ್ತಿರೋದೂ ಅದೇ. ಸ್ಕೂಲಲ್ಲಿ ಬರ್ಸಿರೋ ಎಸ್ರು ಸೌಮ್ಯ, ಅದ್ನ ಅವ್ಳೇ ಫೋನಲ್ಲಿ ನಂಗೊಬ್ನಿಗೆ ಯೋಳಿದ್ದು. ಖುಸಿ ತಡೀನಾರ್ದೆ ಓಗಿ ಎಡಗೈ ಮೇಲೆ ಸೌಮ್ಯ ಅಂತ ಬರ್ಸಿ, ಅದ್ರ ಸುತ್ತ ಕೈ ಬಳಸಿ ಒಂದ್ ಮಲ್ಗೆ ಬಳ್ಳಿನೂ ಆಕಿಸ್ಕಂಡ್ ಬಂದ್ಬುಟ್ಟೆ. ವೀಳ್ಯ ಆದ್ಮೇಲೆ ತೋಳು ಮಡಚಿ ತೋರ್ಸಿದ್ರಾಯ್ತು, ಆಗ ಯಾರ್ ಕೇಳ್ತಾರೆ? ಅಲ್ಲಿಗಂಟ ಮಾತ್ರ ಯಾರ ಕಣ್ಣಿಗೂ ಬೀಳಂಗಿಲ್ಲ. ಬಿದ್ರೆ "ಆ ಎಸ್ರು ನಿಂಗ್ಯಾರ್ಲಾ ಯೋಳಿದ್ದು" ಅಂತಾರೆ, ಸಂಬಂಧ ಅಲ್ಲಿಗೆ ನಿಂತೋಯ್ತದೆ.

ಮೆತ್ತಗೆ ತಟ್ಟು

ಪಟ್ಣದಲ್ಲಿ, ಅದೇ ಶ್ರೀರಂಗಪಟ್ಣದಲ್ಲಿ, ಟ್ಯಾಟೂ ಆಕೋನು ಕೆಲ್ಸ ಮುಗಿಸ್ಬುಟ್ಟು ಕೈಗೆ ತೆಳ್ಳನೆ ಪ್ಲಾಸ್ಟಿಕ್ ಕವರು ಸುತ್ದ. ಸುತ್ಕಂಡೇ ಯೋಳ್ದ, "ಸೋಪಲ್ಲಿ ಮೆತ್ತಗೆ ತೊಳಿ, ಮುಲಾಮು ತೆಳ್ಳಗೆ ಸವರು, ಬಿಸ್ಲಿಗೆ ಒಡ್ಬೇಡ, ಒಳೇಗಿಳೀಬೇಡ, ಪೊರೆ ಎದ್ರೆ ಕೀಳ್ಬೇಡ."

"ನವೆ ಆದ್ರೆ ಅಣ್ಣ?"

"ಕೆರೀಬೇಡ. ಮೆತ್ತಗೆ ತಟ್ಟು."

"ತಟ್ಟುದ್ರೂ ಓಗ್ದಿದ್ರೆ?"

"ಇನ್ನೊಂದ್ಸಲ ತಟ್ಟು."

ಮಗೀಗೆ ತೇಗು ಬರ್ಸೋ ಉಪಾಯಾನ ನಂಗ್ ಮಾರ್ತಾವ್ನಾ ಇವ್ನು ಅಂತ ನಂಗ್ ಅನುಮಾನ. ಆದ್ರೂ ಬೇರೆ ದಾರಿ ಇಲ್ವಲ್ಲ. ಎಸ್ರು ಯಾರ್ಗೂ ಕಾಣ್ಬಾರ್ದು ಅಂತ ದಿನಾ ತೊಳ್ದು, ಮುಲಾಮು ಸವರಿ, ನಾಕೈದ್ ಸುತ್ತು ಕವರು ಸುತ್ಕತಿದ್ದೆ.

ಸ್ವಲ್ಪ ದಿನಕ್ಕೆ ನವೆ ಶುರುವಾಯ್ತು ನೋಡಿ, ಅದೂ ಬಸ್ಸಲ್ಲಿ. ಕೈಗೆ ಇರುವೆ ಗೂಡು ಕಟ್ಕಂಡಂಗೆ. ನಾನು ತಟ್ದೆ. ತಟ್ಟಿದ್ದು ಕೈನ, ಸದ್ದು ಮಾಡಿದ್ದು ಕವರು, ಪಟಪಟ ಅಂತ. ಮುಂದ್ಲು ಸೀಟಿನ ಅಕ್ಕ ತಿರುಗಿ ನೋಡುದ್ಲು.

"ಯಾರ್ನಪ್ಪ ಕರೀತಿರೋದು ನೀನು?"

"ಯಾರ್ನೂ ಇಲ್ಲ ಕಣಕ್ಕ, ನವೆ."

"ನವೆ ಆದೋರು ಕೆರ್ಕೋತಾರೆ. ತಾಳ ಆಕಕಿಲ್ಲ."

ಅಂದೋಳು ಬ್ಯಾಗು ಅವಚ್ಕಂಡು ಡ್ರೈವರ್ ಇಂದ್ಗಡೆಗೆ ಒಂಟೋದ್ಲು. ಅಲ್ಲಿ ಏನ್ ಯೋಳುದ್ಲೋ, ಕಂಡಕ್ಟರ್ ಬಂದ. ನನ್ ಮಖ ನೋಡ್ದ, ಕೈ ನೋಡ್ದ, ಕವರು ನೋಡ್ದ. "ಟಿಕೆಟ್ ತೋರ್ಸು" ಅಂದ. ಆ ಟಿಕೆಟ್ ಅರಿದು ಕೊಟ್ಟೋನು ಅವ್ನೇ ಕಣಿ, ಐದ್ ನಿಮಿಷದ ಇಂದೆ.

ಉದುರೋದೇನು

ಡೈರೀಲಿ ಅನುಮಾನ ಪಡೋದು ನನ್ ಕೆಲ್ಸ. ಯಾರ ಆಲು ತೆಳ್ಳಗದೆ, ಯಾರ್ ನೀರ್ ಬೆರ್ಸವ್ರೆ ಅಂತ ನೋಡೋಕೇ ನನ್ನ ಕೂರ್ಸಿರೋದು. ಅದ್ರಲ್ಲೂ ಒಬ್ಳಜ್ಜಿ ಅವ್ಳೆ, ಅವ್ಳ ಕ್ಯಾನು ಬಂತು ಅಂದ್ರೆ ನಾನು ಎದ್ದೇ ನಿಂತ್ಕತೀನಿ. ಎಷ್ಟ್ಸಲ ಯೋಳಿವ್ನಿ, "ಅಜ್ಜಿ, ಇದ್ರಲ್ಲಿ ನೀರದೆ" ಅಂತ. ಎಷ್ಟ್ಸಲ ಅವ್ಳು ಆಣೆ ಇಟ್ಟವ್ಳೆ, "ನನ್ನೆಮ್ಮೆ ಮೇಲಾಣೆ, ಒಂದ್ ತೊಟ್ಟಿಲ್ಲ ಕಣ್ಲಾ" ಅಂತ.

ಅವತ್ತು ಕೈ ಪೊರೆ ಬುಡ್ತಿತ್ತು. ಕಪ್ಪು ಕಪ್ಪು ಸಿಪ್ಪೆ, ಈರುಳ್ಳಿದಿದ್ದಂಗೆ. ಕವರು ಒಂದ್ಕಡೆ ಸಡ್ಲಾಗಿತ್ತು, ನಂಗ್ ಗೊತ್ತಾಗ್ನಿಲ್ಲ. ಅಜ್ಜಿ ಕಣ್ಣು ಅಲ್ಲಿಗೇ ಓಯ್ತು.

"ಏನ್ಲಾ ಅದು ಕೈಗೆ?"

"ಬಿಸ್ನೀರ್ ಬಿತ್ತು ಕಣಜ್ಜಿ."

"ಬಿಸ್ನೀರಲ್ಲಿ ಸುಟ್ರೆ ಕೆಂಪಗಾಯ್ತದೆ. ನಿಂದು ಸೀದೋಗದೆ."

ಸಾಲಲ್ಲಿ ನಿಂತಿದ್ದ ಎಂಗುಸ್ರೆಲ್ಲ ಕ್ಯಾನ್ ಮುಚ್ಚಳ ಮುಚ್ಕಂಡ್ರು. ದಿನಾ ಅವ್ರ ಆಲ್ನ ನಾನ್ ಇಣುಕ್ತಿದ್ದೆ, ಅವತ್ತು ಎಲ್ರೂ ನನ್ ಕೈ ಇಣುಕ್ತಾವ್ರೆ. ಮಾನ ಉಳಿಸ್ಕಳಕ್ಕೆ ಅಂತ ನಾನು ಜೋರಾಗೇ ಅಂದೆ, "ನನ್ ಕೈ ಇರ್ಲಿ, ಮೊದ್ಲು ನಿನ್ನಾಲು ಆಕಜ್ಜಿ, ನೀರೆಷ್ಟದೆ ನೋಡವ."

ಅಜ್ಜಿ ಕ್ಯಾನು ಇಂದಕ್ಕೆ ಎಳ್ಕಂಡ್ಲು. "ನನ್ನಾಲಲ್ಲಿ ಇರೋದು ನಾಲೆ ನೀರು, ಊರೆಲ್ಲ ಅದ್ನೇ ಕುಡ್ದು ಬದುಕ್ತಾವ್ರೆ. ನಿನ್ ಕೈಯಿಂದ ಉದುರೋದು ಏನು ಅಂತ ಮೊದ್ಲು ಯೋಳ್ಲಾ."

ಕೆಮ್ಮಣ್ಣು

ಒಂದಿನ ಮಧ್ಯಾನ ಊಟ ಮಾಡಿ ಮಲಗಿದ್ದೆ. ಎದ್ದು ನೋಡುದ್ರೆ ಅವ್ವ ಪಕ್ಕದಲ್ಲಿ ಕುಂತ್ಕಂಡು ಅಳ್ತಾವ್ಳೆ. ಕವರು ಬೆವ್ತು ಮಂಜ್ಗಟ್ಟಿತ್ತು, ಎಸ್ರು ಮಸುಕಾಗಿ ಓದೋಕಾಗ್ತಿರ್ನಿಲ್ಲ, ಬಳ್ಳಿ ಮಾತ್ರ ಕೈ ಸುತ್ತ ಸುತ್ಕಂಡಿರೋದು ಕಾಣ್ತಿತ್ತು.

"ಸರ್ಪಸುತ್ತು ಕಣಪ್ಪ ಇದು. ತಲೆಗೂ ಬಾಲಕ್ಕೂ ಮಧ್ಯೆ ಇನ್ನೊಂದೇ ಬೆರಳು ಜಾಗ ಅದೆ. ಎರಡೂ ಕೂಡ್ಕಂಡ್ರೆ ಜೀವ ಉಳಿಯಕಿಲ್ವಂತೆ."

"ಅವ್ವ, ಅದು ಸರ್ಪ ಅಲ್ಲ."

"ಮತ್ತೇನು?"

ಮಲ್ಗೆ ಬಳ್ಳಿ ಅಂತ ಯೋಳೋಣ ಅಂದ್ರೆ, ಬಳ್ಳಿ ಒಳ್ಗೆ ಏನು ಅಂತ ಕೇಳ್ತಾಳೆ. ಕೈನ ಕಂಬ್ಳಿ ಒಳ್ಗೆ ಎಳ್ಕಂಡೆ. ಅವ್ವ ಸೀರೆ ಬದ್ಲಾಯಿಸ್ಕಂಡು ನನ್ನ ಎಳ್ಕಂಡು ಕೆ.ಆರ್.ಪೇಟೆ ಕಡೆ ಬಸ್ ಅತ್ತುದ್ಲು. ಅಲ್ಲೊಬ್ರು ಅವ್ರೆ, ಮಂತ್ರ ಯೋಳಿ ಕೆಮ್ಮಣ್ಣು ಕಲ್ಸಿ ಸರ್ಪಸುತ್ತಿಗೆ ಅಚ್ತಾರೆ.

ಅವ್ರು ಕೈ ಇಡ್ಕಂಡು ಅತ್ಲಾಗಿತ್ಲಾಗ್ ತಿರುಗ್ಸಿ ನೋಡುದ್ರು. "ಈ ಸರ್ಪಕ್ಕೆ ಎಲೆಗಳೂ ಅವಲ್ಲ" ಅಂದ್ರು. ಅನುಮಾನ ಬಂದದೆ ಅವ್ರಿಗೆ. ಆದ್ರೆ ಬಂದೋರ್ನ ವಾಪಸ್ ಕಳ್ಸೋಕೆ ಆಯ್ತದಾ, ಮಣ್ಣು ಆಗ್ಲೇ ಕಲ್ಸ್ಬುಟ್ಟವ್ರೆ. "ಕವರ್ ಬಿಚ್ಚಪ್ಪ" ಅಂದ್ರು.

ಬಿಚ್ಚಿದ್ರೆ ಎಸ್ರು ಆಚೆಗ್ ಬತ್ತದೆ, ಮಣ್ಣು ಅಚ್ಚುದ್ರೆ ಟ್ಯಾಟೂ ಕೆಟ್ಟೋಯ್ತದೆ. ನಾನು ಕೈ ಮುಗಿದೆ. "ಸ್ವಾಮಿ, ಕವರ್ ಮೇಲೇ ಅಚ್ಬುಡಿ."

ಅವ್ರು ಮಣ್ಣಿನ ಬಟ್ಲು ಕೆಳೀಕ್ಕಿಟ್ರು. "ಅಚ್ಬೋದು ಮಗಾ. ಆದ್ರೆ ವಾಸಿ ಆಗೋದು ಕವರಿಗೆ."

ತಾತ ಬಂದ್ರು

ಆ ಮಣ್ಣು ಅಚ್ಚೋರ ಮನೆಗೆ ನಾಗಮಂಗಲದೋರೂ ಬತ್ತಾರಂತೆ. ಗಂಡಿಗೆ ಏನೋ ಅದೆ, ಕವರ್ ಸುತ್ತಿ ಮುಚ್ಚಿಟ್ಟವ್ನೆ ಅಂತ ಸುದ್ದಿ ಓಗ್ಬುಡ್ತು. ಇವತ್ತು ಬೆಳಿಗ್ಗೆ ಮೊದ್ಲು ಬಸ್ಸಿಗೆ ಉಡ್ಗಿ ತಾತ ಬಂದ್ಬುಟ್ರು. ಅವ್ವ ಚೆಂಬಲ್ಲಿ ನೀರ್ ಕೊಟ್ರೆ ಮುಟ್ನಿಲ್ಲ.

"ಮೊದ್ಲು ಕೈ ನೋಡ್ಬೇಕು ಕಣವ್ವ. ದನ ತಗಳವಾಗ್ಲೂ ಬಾಯ್ ಬುಡ್ಸಿ ಅಲ್ಲು ನೋಡೇ ತಗಳದು ನಾವು."

"ಕಾಯ್ಲೆ ಅಲ್ಲ ತಾತ."

"ಅಲ್ದಿದ್ರೆ ಬಿಚ್ಚು."

ಬಿಚ್ಚದಿದ್ರೆ ಇವತ್ತೇ ಸಂಬಂಧ ಮುರೀತದೆ. ಬಿಚ್ಚಿದ್ರೆ? ಪೊರೆ ಎದ್ದದಲ್ಲ, ಮಸಿ ಮಸಿಯಾಗಿ ಕಂಡು ಓದೋಕಾಗ್ದೆ ಇರ್ಬೋದು ಅಂತ ಒಂದಾಸೆ. ಬಿಚ್ದೆ. ಕರ್ಮ ನೋಡಿ, ಪೊರೆಯೆಲ್ಲ ಕವರಿಗೇ ಅಂಟ್ಕಂಡ್ ಬಂತು, ಅಕ್ಷರ ಫಳಫಳ ಅಂತು. ಅಷ್ಟ್ ಚೆಂದಾಗಿ ವಾಸಿ ಆಗಿರೋದು ನಂಗೇ ಗೊತ್ತಿರ್ನಿಲ್ಲ.

ತಾತ ಕನ್ನಡ್ಕ ಆಕ್ಕಂಡು ಅಕ್ಷರದ ಮೇಲೆ ಬೆರಳಿಟ್ಟು ಓದುದ್ರು. "ಸೌ... ಮ್ಯ. ಯಾರ್ಲಾ ಇದು ಸೌಮ್ಯ?"

ತಾತಂಗೆ ಮೊಮ್ಮಗಳ ಸ್ಕೂಲ್ ಎಸ್ರೇ ಗೊತ್ತಿಲ್ಲ ಕಣಿ. ಬಾಯಿಗ್ ಬಂದಂಗೆ, "ನಮ್ಮನೆ ಅಸ ತಾತ, ಆಲ್ ಕೊಡೋ ಅಸ" ಅಂದ್ಬುಟ್ಟೆ.

ಅವ್ವ ಬಾಗ್ಲಲ್ಲಿ ನಿಂತಿದ್ಲು. "ನಮ್ಮನೆ ಅಸೀಗೆ ಗೌರಿ ಅಂತ ಅಲ್ವೇನ್ಲಾ?"

ಇನ್ನೇನ್ ಮಾಡ್ಲಿ? ಅವ್ಳು ಜಾಣೆ, ಏನಾದ್ರೂ ಯೋಳಿ ಸಂಬಾಳಿಸ್ತಾಳೆ ಅನ್ಕಂಡು, "ನಿಮ್ ಚಿಕ್ತಾಯೀನೇ ಕೇಳಿ ತಾತ" ಅಂದೆ. ತಾತ ಅನುಮಾನದಲ್ಲೇ ಫೋನ್ ತೆಗ್ದು, ಸ್ಪೀಕರ್ ಆಕುದ್ರು.

"ಚಿಕ್ತಾಯಿ, ಸೌಮ್ಯ ಅಂದ್ರೆ ಯಾರವ್ವ?"

ಆ ಕಡೆ ಪಾತ್ರೆ ಕೈಜಾರಿ ಬಿದ್ದ ಸದ್ದು. ನಂಗ್ ಅರ್ಥ ಆಗೋಯ್ತು, ಫೋನ್ ವಿಷ್ಯ ಸಿಕ್ಕಾಕ್ಕಂತು ಅಂತ ಎದರ್ಕಂಡವ್ಳೆ.

"ಅಂಗಂದ್ರೆ ನಂಗ್ಯಾರೂ ಗೊತ್ತಿಲ್ಲ ತಾತ."

"ಆ ಗಂಡು ಅವ್ಳ ಎಸ್ರ ಕೈ ಮೇಲೆ ಬರ್ಸ್ಕಂಡವ್ನೆ ಕಣವ್ವ."

ಅವ್ಳು ಬಲೇ ಮೆತ್ತಗೆ ಅಂದ್ಲು, "ಅಂಗಾರೆ ಅವ್ಳ್ನೇ ಕಟ್ಕಳ್ಳಿ ಬುಡಿ ತಾತ."

ಫೋನ್ ಕಟ್ಟು. ಆಟ ಆಡುದ್ಲೋ, ನಿಜವಾಗ್ಲೂ ಕೋಪ ಬಂತೋ, ಅದು ಬೇರೆ ಅನುಮಾನ ನಂಗೆ. ತಾತ ಕನ್ನಡ್ಕ ತೆಗ್ದು ಜೇಬಿಗಾಕ್ಕಂಡು, "ಕೇಳುಸ್ತಾ? ಈಗ ಯೋಳು, ಯಾರವ್ಳು?" ಅಂತ ನನ್ನೇ ನೋಡ್ತಾ ಕುಂತ್ರು, ಇನ್ನೂ ಜಗಲಿಯಿಂದ ಎದ್ದಿಲ್ಲ. ನಿಮ್ಮೊಮ್ಮಗಳೇ ಅಂದ್ರೆ ಕದ್ದು ಫೋನ್ ಮಾಡಿದ್ದಕ್ಕೆ ಎಣ್ ಕೊಡಕಿಲ್ಲ. ಬೇರೆಯೋಳು ಅಂದ್ರೆ ಬೇರೆಯೋಳಿದ್ದದ್ಕೆ ಎಣ್ ಕೊಡಕಿಲ್ಲ. ಯೋಳಿ, ನನ್ ಜಾಗದಲ್ಲಿ ನೀವಿದ್ದಿದ್ರೆ ಏನಂತಿದ್ರಿ?