ಚುಕ್ಕೆ ಇಲ್ಲದ ಪ್ರಶ್ನೆ

ಭಾನುವಾರ ಬೆಳಿಗ್ಗೆ ತರಕಾರಿ ಚೀಲ ಹಿಡಿದು ಮನೆಗೆ ಮರಳುತ್ತಿದ್ದ ಸೌಭಾಗ್ಯ, ಡೊಂಬಿವಲಿಯ ರೈಲು ಹಳಿ ದಾಟುವ ಬ್ರಿಜ್ಜಿನ ಮೆಟ್ಟಿಲುಗಳ ನಟ್ಟನಡುವೆ ಕುಳಿತುಬಿಟ್ಟಳು.

"ಏಳ, ಮಂದಿ ನೋಡ್ಲಿಕತ್ತಾರ," ಎಂದ ಗಂಡ ಹುಲಗಪ್ಪ.

"ನೋಡ್ಲಿ. ನನ್ನ ಮೊಣಕಾಲು ಮುಂದ ಬರಂಗಿಲ್ಲ ಅಂತದ. ಬೇಕಾದ್ರ ಮೊಣಕಾಲು ಇಲ್ಲೇ ಬಿಟ್ಟು ನನ್ನನ್ನಷ್ಟ ಕರಕೊಂಡು ಹೋಗ್ರಿ."

ಲೋಕಲ್ ರೈಲಿನಿಂದ ಇಳಿದ ಜನ, ಬಂಡೆಯನ್ನು ಬಳಸಿ ಹರಿಯುವ ಹೊಳೆಯಂತೆ ಅವಳ ಎರಡೂ ಬದಿಯಿಂದ ಹರಿದುಹೋದರು. ಒಬ್ಬ ತರುಣ "ರಾಸ್ತಾ ರೋಕೋ ಹೈ ಕ್ಯಾ, ಆಂಟಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಫೋಟೊ ಹೊಡೆದುಕೊಂಡು ಹೋದ.

ಹುಲಗಪ್ಪ ಸಿಟ್ಟಿನಿಂದ ತಲೆಯೆತ್ತಿದ. ಬ್ರಿಜ್ಜಿನ ಕಂಬಿಗೆ ಕಟ್ಟಿದ್ದ ಬ್ಯಾನರಿನಲ್ಲಿ ಸಂಸದರು ಕೈಮುಗಿದು ನಗುತ್ತಿದ್ದರು. ಹುಲಗಪ್ಪ ವಾಸವಿದ್ದ ಹೌಸಿಂಗ್ ಸೊಸೈಟಿಯ ಅಂಗಳಕ್ಕೆ ಹೊಸದಾಗಿ ಹಾಸಿದ ಪೇವರ್ ಬ್ಲಾಕುಗಳನ್ನು ಉದ್ಘಾಟಿಸಲು ಅವರು ಅದೇ ಸಂಜೆ ಬರುವವರಿದ್ದರು.

"ಈ ಬ್ರಿಜ್ಜಿಗೆ ಒಂದು ಲಿಫ್ಟ್ ಕೊಡ್ರಿ ಅಂತ ಈ ಮನಷ್ಯಾ ದಿಲ್ಲಿಯೊಳಗ ಒಮ್ಮೆರೆ ಕೇಳ್ಯಾನೇನು? ಇವತ್ತ ಮಂದಿ ಎದುರಿಗೇ ಕೇಳ್ತೀನಿ," ಎಂದು ಹುಲಗಪ್ಪ ಹೆಂಡತಿಯ ತೋಳು ಹಿಡಿದು ಎಬ್ಬಿಸಿದ.

ಅವನು ಕೆಮಿಕಲ್ ಕಂಪೆನಿಯೊಂದರ ಸ್ಟೋರ್‌ಕೀಪರ್. ಮುಚ್ಚಳ ತೆಗೆಸಿ ನೋಡದೆ ಒಂದು ಡ್ರಮ್ಮನ್ನೂ ಒಳಗೆ ಬಿಟ್ಟುಕೊಂಡವನಲ್ಲ. ಮನೆಗೆ ಬಂದವನೇ ಮೊಬೈಲಿನಲ್ಲಿ ಲೋಕಸಭೆಯ ವೆಬ್‌ಸೈಟ್ ತೆರೆದು, ಸಂಸದರ ಮುಚ್ಚಳ ತೆಗೆಯಲು ಕುಳಿತ.

ಮೊದಲು ಮತಗಳು. ಯಾವ ಮಸೂದೆಗೆ ಸಂಸದರು ಏನೆಂದರು ಎಂದು ಹುಡುಕಿದರೆ, ಹೆಚ್ಚಿನವೆಲ್ಲ ಧ್ವನಿಮತದಿಂದ ಪಾಸಾಗಿದ್ದವು. ಎಲ್ಲರೂ ಒಟ್ಟಿಗೆ ಕೂಗಿದರೆ ಯಾರ ಬಾಯಿ ಯಾವುದು? ಹುಲಗಪ್ಪ ಬಿಡಲಿಲ್ಲ. ವಿಡಿಯೊ ಹಾಕಿ, ಮೂಗು ಪರದೆಗೆ ತಾಗುವಷ್ಟು ಬಗ್ಗಿ ನೋಡಿದ. ಒಂದು ಕಡೆ ಸಂಸದರ ಬಾಯಿ ದೊಡ್ಡದಾಗಿ ತೆರೆದಿತ್ತು. ಹಿಂದೆ ಮಾಡಿ ಮತ್ತೆ ನೋಡಿದ. ಆಕಳಿಕೆ.

ಆಮೇಲೆ ಭಾಷಣಗಳು. ದೀಪಸ್ತಂಭಗಳ ಬಗ್ಗೆ ಒಂದು, ಜೇನುಸಾಕಣೆಯ ಬಗ್ಗೆ ಇನ್ನೊಂದು. ಕೊನೆಗೆ ಪ್ರಶ್ನೆಗಳು. ಅವು ಎರಡು ಬಗೆಯವಿದ್ದವು, ಚುಕ್ಕೆ ಗುರುತಿನವು ಮತ್ತು ಚುಕ್ಕೆ ಗುರುತಿಲ್ಲದವು. ಹೋಟೆಲಿನ ಹಾಗೆ ಸ್ಟಾರ್ ಇದ್ದದ್ದೇ ಅಸಲಿ ಮಾಲು ಎಂದುಕೊಂಡು ಹುಲಗಪ್ಪ ಚುಕ್ಕೆಯವನ್ನೆಲ್ಲ ಓದಿ ಮುಗಿಸಿದ. ಬ್ರಿಜ್ಜೂ ಇಲ್ಲ, ಲಿಫ್ಟೂ ಇಲ್ಲ.

"ಸಿಕ್ಕಾ ನೋಡ!" ಎಂದು ತೊಡೆ ತಟ್ಟಿದ.

ಕೆಳಗಿನ ಮನೆಯ ಹರಿಣಾಕ್ಷಿಗೆ ಬೆಳಗಿನಿಂದ "ಮಾನನೀಯ ಅಧ್ಯಕ್ಷ್ ಮಹೋದಯ್!" ಎಂಬ ವಿಡಿಯೊ ಗರ್ಜನೆ ಮೇಲಿನ ಮನೆಯಿಂದ ಇಳಿದು ಬರುತ್ತಿತ್ತು. ಆಕೆ ನೇರವಾಗಿ ಸೊಸೈಟಿಯ ಸೆಕ್ರೆಟರಿ ಯಶ್ವಂತ್ ಅವರಿಗೆ ಫೋನು ಮಾಡಿದಳು. "ಹುಲಗಪ್ಪಣ್ಣ ಸಂಜೆಗೆ ಭಾಷಣ ಪ್ರಾಕ್ಟೀಸ್ ಮಾಡ್ತಾ ಇದ್ದಾರೆ ಅಂತ ಕಾಣ್ತದೆ. ಭಾರೀ ಜೋರುಂಟು."

ಯಶ್ವಂತ್ ಉಡುಪಿ ಕಡೆಯವರು. ಕೇಟರಿಂಗ್ ನಡೆಸುವವರು, ಯಾರನ್ನೂ ನೋಯಿಸದವರು. ಓಡಿಬಂದು ಹುಲಗಪ್ಪನ ಎರಡೂ ಕೈ ಹಿಡಿದುಕೊಂಡರು. "ದೇವರ ಹಾಗೆ ಬಂದ್ರಿ ಮಾರಾಯ್ರೆ! ಸಾಹೇಬ್ರ ಗುಣಗಾನ ಮಾಡ್ಲಿಕ್ಕೆ ಜನ ಇಲ್ಲ ಅಂತ ನನಗೆ ತಲೆಬಿಸಿ ಆಗಿತ್ತು."

"ನಾ ಗುಣಗಾನ ಮಾಡಾಂವ ಅಲ್ರಿ. ಲಿಫ್ಟ್ ಯಾಕ ಕೇಳ್ಲಿಲ್ಲ ಅಂತ ಜವಾಬು ಕೇಳಾಂವ."

ಯಶ್ವಂತರ ಮುಖ ತಣ್ಣಗಾದ ದೋಸೆಯಂತೆ ಬಿಗಿದುಕೊಂಡಿತು. "ಬೇಡ ಮಾರಾಯ್ರೆ! ನೀರಿನ ಹೊಸ ಪೈಪಿಗೆ ಅವರ ಒಂದು ಮಾತು ಬೇಕು. ಸಿಟ್ಟು ಬಂದು ಎದ್ದು ಹೋದ್ರೆ?"

"ಹೋಗ್ಲಿ ಬಿಡ್ರಿ. ನನ್ನ ಹೆಂಡ್ತಿಗೆ ಮೆಟ್ಟಿಲು ಹತ್ತಾಕ ಆಗವಲ್ದು, ಅವ್ರಿಗೆ ಎದ್ದು ಹೋಗಾಕರ ಆಗ್ತದಲ್ಲ."

ಯಶ್ವಂತ್ ಸ್ವಲ್ಪ ಯೋಚಿಸಿ ದನಿ ಬದಲಿಸಿದರು. "ಆಯ್ತು, ಕೇಳಿ. ಆದ್ರೆ ಹಾರ ತರ್ಲಿಕ್ಕೆ ಜನ ಇಲ್ಲ. ಕಲ್ಯಾಣ ಸ್ಟೇಷನ್ ಹತ್ರ ಆರ್ಡರ್ ಕೊಟ್ಟದ್ದುಂಟು. ಒಮ್ಮೆ ಹೋಗಿ ಬರ್ತೀರಾ? ನಿಮ್ಮಷ್ಟು ಜವಾಬ್ದಾರಿಯವರು ಬೇರೆ ಯಾರಿದ್ದಾರೆ?"

ಹೊಗಳಿಕೆಗೆ ಹುಲಗಪ್ಪ ಸೋತ. ಕಲ್ಯಾಣಕ್ಕೆ ಹೋದರೆ ಹಾರ ಇನ್ನೂ ಕಟ್ಟಿರಲಿಲ್ಲ. ಕಟ್ಟಿಸಿಕೊಂಡು, ಆಳೆತ್ತರದ ಗುಲಾಬಿ ಹಾರವನ್ನು ಕೊರಳಿಗೇ ಹಾಕಿಕೊಂಡು ಲೋಕಲ್ ಹತ್ತಿದ. ಡಬ್ಬಿಯಲ್ಲಿ ಭಜನೆ ಮಾಡುತ್ತಿದ್ದ ಪ್ರಯಾಣಿಕರು ಅವನಿಗೆ ಕೈಮುಗಿದರು. ನಿಂತಲ್ಲೇ ಪ್ರಶ್ನೆಯನ್ನು ಮನಸ್ಸಿನಲ್ಲಿ ತಿದ್ದುತ್ತ ಮೈಮರೆತಿದ್ದವನಿಗೆ ಡೊಂಬಿವಲಿ ಬಂದದ್ದು ತಿಳಿದಾಗ ಬಾಗಿಲ ತುಂಬ ಜನ. "ಉತರ್‌ನಾ ಹೈ!" ಎಂದು ಕೂಗಿದ. ಹತ್ತುವವರು ಅವನನ್ನು ಇನ್ನೂ ಒಳಕ್ಕೆ ದಬ್ಬಿದರು. ರೈಲು ಅವನನ್ನು ಡೊಂಬಿವಲಿ ದಾಟಿಸಿ ಠಾಣೆ ಊರಿನ ಸ್ಟೇಷನ್ನಿನಲ್ಲಿ ಉಗುಳಿತು.

ಹಿಂದಿರುಗುವ ಗಾಡಿಯಲ್ಲೂ ಅದೇ ನೂಕುನುಗ್ಗಲು. ಸೊಸೈಟಿಯ ಗೇಟು ತಲುಪಿದಾಗ ಅವನ ಕೊರಳಲ್ಲಿ ಉಳಿದದ್ದು ದಾರ, ಜರಿ ಮತ್ತು ಹಟಮಾರಿಗಳಾದ ನಾಲ್ಕು ಗುಲಾಬಿಗಳು. ಸಂಸದರು ಎಂದೂ ಇಲ್ಲದಂತೆ ಸಮಯಕ್ಕೆ ಸರಿಯಾಗಿ ಬಂದು, ವೇದಿಕೆಯ ಮೇಲೆ ಖಾಲಿ ಕೊರಳಲ್ಲಿ ಕುಳಿತಿದ್ದರು.

ಹುಲಗಪ್ಪ ಆ ದಾರವನ್ನೇ ಅವರಿಗೆ ತೊಡಿಸಿ, ಕೆಳಗಿಳಿಯದೆ ಮೈಕಿನ ಮುಂದೆ ನಿಂತ. ಯಶ್ವಂತ್ ಮೈಕಿನವನತ್ತ ಕಣ್ಣು ಹೊಡೆದರು. ಮೈಕು ಸತ್ತಿತು. ಇನ್ನೊಮ್ಮೆ ಕಣ್ಣು ಹೊಡೆದರು. ಬ್ಯಾಂಡಿನವರು ಬಾರಿಸತೊಡಗಿದರು. ಹುಲಗಪ್ಪ ತುಟಿ ಬಿಗಿದು, ಬ್ಯಾಂಡಿನವರ ಉಸಿರು ಮುಗಿಯುವವರೆಗೂ ಅಲ್ಲಾಡದೆ ನಿಂತ. ಆಮೇಲೆ, ಗೋಡೌನಿನ ಈ ತುದಿಯಿಂದ ಆ ತುದಿಗೆ ಕೂಗಿ ಪಳಗಿದ ಗಂಟಲನ್ನು ತೆರೆದ.

"ಸಾಹೇಬ್! ನೀವು ದೀಪಸ್ತಂಭದ ಬಗ್ಗೆ ಮಾತಾಡಿದ್ರಿ. ಜೇನುಹುಳದ ಬಗ್ಗೆ ಮಾತಾಡಿದ್ರಿ. ಈ ಬ್ರಿಜ್ಜಿನ ಮ್ಯಾಲೆ ನಮ್ಮ ಹೆಣ್ಮಕ್ಕಳು ಕುಂತು ಕುಂತು ಏರ್ತಾರ. ಒಂದು ಲಿಫ್ಟಿನ ಪ್ರಶ್ನಾ ಯಾಕ ಕೇಳಿಲ್ಲ?" ಎಂದು ಕೇಳಿ, ಅದನ್ನೇ ಹಿಂದಿಯಲ್ಲೂ ಕೇಳಿದ.

ಮುಂದಿನ ಸಾಲಿನಲ್ಲಿ ಸೌಭಾಗ್ಯ ಒಬ್ಬಳೇ ಚಪ್ಪಾಳೆ ತಟ್ಟಿದಳು. ಅವಳನ್ನು ನೋಡಿ ಉಳಿದವರೂ ತಟ್ಟಿದರು. ಯಶ್ವಂತ್ ಕುರ್ಚಿಯಲ್ಲಿ ಕುಸಿದರು.

ಸಂಸದರಿಗೆ ಸಿಟ್ಟು ಬರಲಿಲ್ಲ. "ಕೇಳಿದ್ದೇನಲ್ಲ!" ಎಂದರು ಹಿಂದಿಯಲ್ಲಿ. ಅವರ ಪಿ.ಎ. ಫೋನಿನಲ್ಲಿ ಹುಡುಕಿ ತೆಗೆದ. "ಇದು ಚುಕ್ಕೆ ಇಲ್ಲದ ಪ್ರಶ್ನೆ ಸಾಹೇಬ್. ಸದನದಲ್ಲಿ ಎದ್ದು ಉತ್ತರ ಕೊಡುವುದಿಲ್ಲ, ಲಿಖಿತ ಉತ್ತರ ಬರುತ್ತದೆ. ಹೋದ ಅಧಿವೇಶನದಲ್ಲೇ ಬಂದಿದೆ."

ಹುಲಗಪ್ಪನ ಕಿವಿ ಬಿಸಿಯಾದವು. ಅಸಲಿ ಮಾಲು ಅವನು ತೆರೆಯದ ಡ್ರಮ್ಮಿನಲ್ಲೇ ಇತ್ತು. ಆದರೂ ಅವನು ಜಗ್ಗಲಿಲ್ಲ. "ಏನಂತ ಉತ್ತರ? ಓದ್ರಿ."

ಪಿ.ಎ. ಓದಿದ. ಬ್ರಿಜ್ಜಿಗೆ ಲಿಫ್ಟ್ ಮಂಜೂರಾಗಿತ್ತು. ಸ್ಥಳದಲ್ಲಿ ಮಣ್ಣಿನ ಪರೀಕ್ಷೆಯೂ ಶುರುವಾಗಿತ್ತು. ಆದರೆ ಪಕ್ಕದ ಸೊಸೈಟಿಯೊಂದರ ನಿವಾಸಿಗಳು ಸಹಿ ಮಾಡಿ ಲಿಖಿತ ವಿರೋಧ ಸಲ್ಲಿಸಿದ್ದರಿಂದ ಕೆಲಸ ನಿಲ್ಲಿಸಲಾಗಿತ್ತು.

ಸೌಭಾಗ್ಯ ಎದ್ದು ನಿಂತಳು. ಮೊಣಕಾಲು ನೋವೆಲ್ಲ ಎಲ್ಲಿ ಹೋಯಿತೋ. "ಯಾರ್ರೀ ಅವರು? ಹೆಸರು ಹೇಳ್ರಿ! ಮಂದಿಗೆ ಆಗೂ ಚಲೋ ಕೆಲಸ ತಡದವರ ಮನಿ ಹಾಳಾಗ!"

"ಹಾಳಾಗ್ಲಿ!" ಎಂದಿತು ಅಂಗಳ.

"ಸುಮನ್ ಧಾರಾ ಸೊಸೈಟಿ," ಎಂದು ಓದಿದ ಪಿ.ಎ.

ಅದೇ ಹೆಸರು ಸಂಸದರ ತಲೆಯ ಹಿಂದಿನ ಬ್ಯಾನರಿನಲ್ಲಿ ಚೆಂಡುಹೂವಿನ ನಡುವೆ ಹೊಳೆಯುತ್ತಿತ್ತು.

ಯಶ್ವಂತ್ ಮೆಲ್ಲಗೆ ಗಂಟಲು ಸರಿಪಡಿಸಿಕೊಂಡರು. "ಅದು... ಸೌಭಾಗ್ಯಕ್ಕ, ನೀವು ಮನೆಮನೆಗೆ ಹೋಗಿ ಸಹಿ ತಕ್ಕೊಂಡದ್ದಲ್ವಾ, ಅದೇ ಇರ್ಬೇಕು."

"ನಾ ಸಹಿ ತಗೊಂಡದ್ದು ಮೊಬೈಲ್ ಟಾವರ್ ಬ್ಯಾಡ ಅಂತ!" ಸೌಭಾಗ್ಯಳ ದನಿ ಅರ್ಧಕ್ಕೆ ಇಳಿಯಿತು. "ಗೇಟಿನ ಮುಂದ ನೆಲಾ ಕೊರಿಯಾಕ ಹತ್ತಿದ್ರು. ಏನ್ರಪಾ ಇದು ಅಂದ್ರ 'ಟಾವರ್ ಬನೇಗಾ' ಅಂದ್ರು..."

"ಲಿಫ್ಟ್ ಟಾವರ್, ಅಮ್ಮಾ," ಎಂದ ಪಿ.ಎ. "ಲಿಫ್ಟ್ ಏರಿ ಇಳಿಯುವ ಗೋಪುರ."

ಹುಲಗಪ್ಪ ಹೆಂಡತಿಯನ್ನು ಕೆಕ್ಕರಿಸಿ ನೋಡಿದ. ಅವಳು ಅಷ್ಟೇ ಜೋರಾಗಿ ತಿರುಗಿ ನೋಡಿದಳು. "ನನ್ನ ಏನ್ ನೋಡ್ತೀರಿ? ಮೊದಲನೇ ಸಹಿ ನಿಮ್ದೇ. ಓದಿದ್ರೇನು?"

ಓದಿರಲಿಲ್ಲ. ಕ್ರಿಕೆಟ್ ನೋಡುತ್ತ ಸಹಿ ಮಾಡಿದ್ದ.

ಸಂಸದರು ದೊಡ್ಡ ಮನುಷ್ಯರು, ನಗು ತಡೆದುಕೊಂಡರು. ವಿರೋಧಿಸಿದವರೆಲ್ಲ ಮತ್ತೆ ಸಹಿ ಮಾಡಿ ಅದನ್ನು ಹಿಂದೆಗೆದುಕೊಂಡರೆ ಮುಂದಿನ ಅಧಿವೇಶನದಲ್ಲಿ ಇನ್ನೊಂದು ಪ್ರಶ್ನೆ ಕೇಳುವುದಾಗಿ ಮಾತು ಕೊಟ್ಟರು. ಒಬ್ಬರ ಸಹಿಯೂ ತಪ್ಪಬಾರದು ಎಂದು ಎಚ್ಚರಿಸಿ, ಪೇವರ್ ಬ್ಲಾಕಿನ ಮೇಲೆ ತೆಂಗಿನಕಾಯಿ ಒಡೆದು ಹೊರಟುಹೋದರು.

"ಇವತ್ತೇ ಮುಗಿಸೂಣು," ಎಂದ ಹುಲಗಪ್ಪ. ಅಲ್ಲೇ ಕಾಗದ ಬರೆದು, ಈ ಸಲ ಪೂರ್ತಿ ಓದಿ, ಸಹಿ ಮಾಡಿದ. ಅಂಗಳದಲ್ಲಿದ್ದವರೆಲ್ಲ ನಾಚಿಕೊಂಡು ಸಹಿ ಹಾಕಿದರು. ಉಳಿದದ್ದು ಅತಿಥಿಗಳಿಗೆಂದು ಮನೆಯಲ್ಲೇ ಗೋಳಿಬಜೆ ಕರಿಯುತ್ತ ಸಭೆಗೆ ಬರಲಾಗದ ಹರಿಣಾಕ್ಷಿ ಒಬ್ಬಳೇ. ಗಂಡಹೆಂಡತಿ ಮೆಟ್ಟಿಲೇರಿ ಅವಳ ಬಾಗಿಲು ತಟ್ಟಿದರು.

ಸೌಭಾಗ್ಯ ಏದುಸಿರು ಬಿಡುತ್ತ ಎಲ್ಲವನ್ನೂ ವಿವರಿಸಿದಳು. ಹರಿಣಾಕ್ಷಿ ಕೈಯಲ್ಲಿ ಜಾಲರಿ ಸೌಟು ಹಿಡಿದು ಕೇಳಿದಳು. ಮುಖದಲ್ಲಿ ಮೊದಲು ಅಚ್ಚರಿ, ಆಮೇಲೆ ಅನುಕಂಪ ಮೂಡಿತು.

"ಸೌಭಾಗ್ಯಕ್ಕ, ಅವತ್ತು ನೀವು ಇದೇ ಬಾಗಿಲಲ್ಲಿ ನಿಂತು ನನ್ನತ್ರ ಎಂಥ ಹೇಳಿದ್ದು? 'ನಾಳೆ ಯಾರಾದ್ರೂ ಬಂದು ಇದು ಮೊಬೈಲ್ ಟವರೇ ಅಲ್ಲ ಅಂತ ಹೇಳ್ತಾರೆ, ಸತ್ತರೂ ನಂಬಬೇಡಿ' ಅಂತ. ನನ್ನಿಂದ ದೇವರ ಮೇಲೆ ಆಣೆ ಹಾಕಿಸಿದ್ರಿ."

"ಹೌದವ್ವಾ, ಆದ್ರ..."

"ಪಾಪ," ಎಂದಳು ಹರಿಣಾಕ್ಷಿ, ಬಾಗಿಲು ಮುಚ್ಚುತ್ತ. "ಟವರಿನವರು ಕಡೆಗೆ ನಿಮ್ಮನ್ನೂ ಬುಟ್ಟಿಗೆ ಹಾಕ್ಕೊಂಡ್ರು ಅಲ್ವಾ?"